ಮೂರು ಚಮಚ ಪಾಯಸ

ಮೇ 14, 2025, ಬುಧವಾರ

ಮೂರು ಚಮಚ. ಯಾರಿಗೂ ಹೇಳುವ ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯುತ್ತಿರುವುದು ಮಗುವಿನ ಊಟದ ಪುಸ್ತಕದ ಹಿಂಬದಿಯಲ್ಲಿ. ಮುಂಬದಿಯಲ್ಲಿ ಯಾವ ಗಂಟೆಗೆ ಟ್ಯೂಬಿನಲ್ಲಿ ಎಷ್ಟು ಗಂಜಿ ಹೋಯಿತು, ಎಷ್ಟು ನೀರು ಹೋಯಿತು ಎಂಬುದೆಲ್ಲ ನನ್ನ ಮುತ್ತಿನಂಥ ಅಕ್ಷರದಲ್ಲಿದೆ. ಸೋಮವಾರದ ಪುಟದಲ್ಲಿ ಈ ಮೂರು ಚಮಚ ಮಾತ್ರ ಇಲ್ಲ.

ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದೇನೆ. ಒಳಗೆ ನನ್ನ ಮಗಳು ಸುಮೇಧಾ, ನಮ್ಮ ಮೇಧು, ಐದು ವರ್ಷ. ಹುಟ್ಟಿದಾಗ ಅಳುವುದಕ್ಕೆ ತಡ ಮಾಡಿದಳು, ಆ ಕೆಲವು ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟಾಯಿತು. ಕೂರಲಾರಳು, ಮಾತಿಲ್ಲ. ನುಂಗಿದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಜಾರುತ್ತದೆ. ಎರಡು ಸಲ ನ್ಯುಮೋನಿಯಾ ಆದ ಮೇಲೆ ಜನವರಿಯಲ್ಲಿ ಹೊಟ್ಟೆಗೇ ನೇರವಾಗಿ ಟ್ಯೂಬ್ ಹಾಕಿದರು. ಬಾಯಿಗೆ ಏನನ್ನೂ ಕೊಡಬಾರದು ಎಂದು ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ್ದರು.

ಸೋಮವಾರ ವೈಶಾಖ ಹುಣ್ಣಿಮೆ. ಅತ್ತೆ ಮುನಿಲಕ್ಷ್ಮಮ್ಮ ಎಂದಿನಂತೆ ಬಿಳಿ ಸೀರೆ ಉಟ್ಟು, ಬುದ್ಧನ ಫೋಟೊದ ಮುಂದೆ ಪಾಯಸ ಇಟ್ಟು, ಪಂಚಶೀಲ ಹೇಳಿದರು. ಆಮೇಲೆ ಉಂಗುರದ ಬೆರಳನ್ನು ಪಾಯಸದಲ್ಲಿ ಅದ್ದಿ ಮನೆಯವರ ತುಟಿಗೆಲ್ಲ ಮುಟ್ಟಿಸಿದರು. ಎಲ್ಲರಿಗಿಂತ ಚಿಕ್ಕವರಿಗೆ ಮೊದಲು, ಅದು ಅವರೇ ಮಾಡಿಕೊಂಡ ಪದ್ಧತಿ. ಮಗುವಿನ ತುಟಿಗೂ ಒಂದು ಹನಿ ಮುಟ್ಟಿಸಿದರು. ಅಷ್ಟಕ್ಕೆ ಥೆರಪಿಸ್ಟ್ ನಾಜಿಶ್ ಮೇಡಂ ಒಪ್ಪಿಗೆಯೂ ಇತ್ತು. ರುಚಿ ತೋರಿಸಬಹುದು, ನುಂಗಿಸಬಾರದು.

ಅತ್ತೆ, ನನ್ನ ಗಂಡ ಸೂರ್ಯ ಇಬ್ಬರೂ ಬುದ್ಧ ವಿಹಾರಕ್ಕೆ ಹೋದರು. ನಾನು ಮಗುವಿನ ಜೊತೆ ಉಳಿದೆ. ಅವಳು ಇನ್ನೂ ತುಟಿ ಚಪ್ಪರಿಸುತ್ತಲೇ ಇದ್ದಳು. ಇನ್ನೂ ಇದೆಯಾ ಎನ್ನುವ ಹಾಗೆ ನಾಲಿಗೆ ಹೊರಗೆ ಬಂತು. ನಾನು ಎಲ್‌ಕೆಜಿ ಮಿಸ್ ಆಗಿದ್ದವಳು, ಏಳು ವರ್ಷ ಊರವರ ಮಕ್ಕಳ ಡಬ್ಬಿ ಬಿಚ್ಚಿ ತಿನ್ನಿಸಿದ್ದೇನೆ. ಹೆತ್ತ ಮಗಳಿಗೆ ಒಂದು ಚಮಚ ಕೊಟ್ಟರೆ ಏನಾದೀತು ಎಂದುಕೊಂಡೆ. ಒಂದು ಕೊಟ್ಟೆ. ನುಂಗಿದಳು. ಎರಡನೆಯದನ್ನೂ ನುಂಗಿದಳು. ಮೂರನೆಯದಕ್ಕೆ ಸಣ್ಣಗೆ ಕೆಮ್ಮಿದಳು. ಚಮಚ ತೊಳೆದು ಜಾಗದಲ್ಲಿಟ್ಟೆ. ಮಂಗಳವಾರ ಬೆಳಿಗ್ಗೆ ಜ್ವರ, ಮಧ್ಯಾಹ್ನದ ಹೊತ್ತಿಗೆ ಪಕ್ಕೆಲುಬು ಕಾಣುವ ಹಾಗೆ ಉಸಿರು.

"ಬಾಯಿಗೆ ಏನಾದ್ರೂ ಕೊಟ್ರಾ?" ಎಂದು ಡಾಕ್ಟರಮ್ಮ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ನಾನು ಪಾಯಸ ಮುಟ್ಟಿಸ್ದೆ ತಾಯಿ. ತುಟಿಗಷ್ಟೇ. ನನ್ನಿಂದಾನೇ ಆಗಿರ್ಬೇಕು," ಎಂದರು. ಡಾಕ್ಟರಮ್ಮ ಬರೆದುಕೊಂಡರು. ನಾನು ನೆಲದ ಟೈಲ್ಸ್ ನೋಡುತ್ತಿದ್ದೆ.

ಮೇ 15, ಗುರುವಾರ

ಆಕ್ಸಿಜನ್ ಇನ್ನೂ ತೆಗೆದಿಲ್ಲ. ಐದು ನಿಮಿಷ ಒಳಗೆ ಬಿಟ್ಟರು. ಕಾಲು ಮುಟ್ಟಿ ಬಂದೆ. ಬಾಯಿಯ ಕಡೆ ನೋಡಲು ಆಗಲಿಲ್ಲ.

ಮೇ 17, ಶನಿವಾರ

ಇವತ್ತು ಸೂರ್ಯ ತನ್ನ ತಾಯಿಯನ್ನು ಬೈದ. ಮದುವೆಯಾಗಿ ಎಂಟು ವರ್ಷವಾಯಿತು, ಅವನು ಅವರಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ನೇರವಾಗಿ ಆಸ್ಪತ್ರೆಗೆ ಬಂದಿದ್ದ. ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು. ಅವನು ತೆಗೆದುಕೊಳ್ಳಲಿಲ್ಲ.

"ಎಷ್ಟ್ ಸಲ ಹೇಳಿದ್ದೀನಿ ಅಮ್ಮಾ, ಬಾಯಿಗೆ ಏನೂ ಬೇಡ ಅಂತ? ನಿನ್ನ ಪದ್ಧತಿ ನನ್ನ ಮಗಳ ಜೀವಕ್ಕಿಂತ ಹೆಚ್ಚಾಯ್ತಾ?"

ಅತ್ತೆ ಕಾಫಿಯನ್ನು ಮತ್ತೆ ಫ್ಲಾಸ್ಕಿಗೆ ಸುರಿದು ಮುಚ್ಚಳ ತಿರುಗಿಸಿದರು. ನಾನು ಅಲ್ಲೇ ಎರಡಡಿ ದೂರದಲ್ಲಿ ನಿಂತಿದ್ದೆ. ಹೇಳಬೇಕು ಎಂದುಕೊಂಡೆ, ಆಣೆ ಮಾಡಿ ಹೇಳುತ್ತೇನೆ, ಅಂದುಕೊಂಡೆ. ಆದರೆ ಸೂರ್ಯನ ಮುಖದಲ್ಲಿದ್ದ ಆ ಸಿಟ್ಟು ನನ್ನ ಕಡೆ ತಿರುಗುವುದನ್ನು ನೆನೆದು ನಾಲಿಗೆ ಎಳೆದುಕೊಂಡಿತು. ಸಂಜೆ ನಾದಿನಿ ಪ್ರಿಯಾ ಬಂದು ಅತ್ತೆಯನ್ನು ಕಮ್ಮನಹಳ್ಳಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಹೋಗುವಾಗ ಅತ್ತೆ ನನ್ನ ತಲೆ ಸವರಿ, "ಊಟ ಬಿಡ್ಬೇಡ ಕಣಮ್ಮಾ," ಎಂದರು. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಮೇ 21, ಬುಧವಾರ

ಮನೆಗೆ ಬಂದೆವು. ಆಟೋದಲ್ಲಿ ಸೂರ್ಯ ಡಿಸ್ಚಾರ್ಜ್ ಪತ್ರವನ್ನು ಓದುತ್ತ ಬಂದ. ಅದರಲ್ಲಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಇದೆ: ಅಜ್ಜಿ ತುಟಿಗೆ ಪಾಯಸ ಮುಟ್ಟಿಸಿದ ನಂತರ ನ್ಯುಮೋನಿಯಾ. ಇನ್ನು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಆ ಸಾಲನ್ನು ಓದುತ್ತಾರೆ.

ಸಂಜೆ ಕೆಳಗಿನ ಮನೆಯ ಭೀಮಬಾಯಿ ಬಂದರು. "ನಿನ್ನಂಥ ತಾಯೀನ ನಾನು ನೋಡೇ ಇಲ್ಲ ಬಿಡವ್ವಾ. ದೇವ್ರು ನೋಡಿನೇ ಕೊಟ್ಟಾನ," ಎಂದರು. ಒಳ್ಳೆಯ ಹೆಂಗಸು, ಗದಗದ ಕಡೆಯವರು, ಮನಸ್ಸಿನಿಂದಲೇ ಹೇಳಿದ್ದು. ನನಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಚಹಾ ಮಾಡುತ್ತೇನೆಂದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತಿದ್ದೆ.

ಮೇ 28, ಬುಧವಾರ

ದಿನಕ್ಕೆ ಆರು ಸಲ ಟ್ಯೂಬಿನ ಊಟ, ಎರಡು ಸಲ ಫಿಟ್ಸ್ ಔಷಧಿ, ಬೆನ್ನು ತಟ್ಟುವುದು, ಕಫ ತೆಗೆಯುವುದು. ಎಲ್ಲ ನಾನೇ. ಊಟವಾದ ಮೇಲೆ ಮುಕ್ಕಾಲು ಗಂಟೆ ಮಗುವನ್ನು ಎದೆಗೆ ಒರಗಿಸಿ ಕೂರಿಸಿಕೊಳ್ಳಬೇಕು, ಅದೂ ನಾನೇ. ಸೂರ್ಯ ಬೆಳಿಗ್ಗೆ, "ಒಂದ್ಸಲ ನಾನ್ ಕೊಡ್ತೀನಿ, ತೋರಿಸು," ಎಂದ. ಬೇಡ, ನಿಮಗೆ ಬರುವುದಿಲ್ಲ ಎಂದೆ. "ಕಲಿಸಿದ್ರೆ ತಾನೇ ಬರೋದು?" ಎಂದ. ನಾನು ಸಿರಿಂಜ್ ತೊಳೆದೆ.

ಅವನಿಗೆ ಬರುವುದಿಲ್ಲ ಎಂದಲ್ಲ, ಈ ಕೆಲಸ ನನಗೇ ಬೇಕು. ಸೊಂಟ ಬಿದ್ದುಹೋದರೂ ಬೇಕು. ನೋಯದಿದ್ದ ದಿನ, ಮಾಡಿದ್ದಕ್ಕೆ ಶಿಕ್ಷೆ ತಪ್ಪಿತೇನೋ ಎಂದು ಇನ್ನಷ್ಟು ಭಯವಾಗುತ್ತದೆ.

ಜೂನ್ 3, ಮಂಗಳವಾರ

ಮಗುವಿನ ತೂಕ ಅರ್ಧ ಕಿಲೋ ಇಳಿದಿದೆ. ಬರೆಯಲು ಬೇರೇನೂ ಇಲ್ಲ.

ಜೂನ್ 10, ಮಂಗಳವಾರ

ತಿಂಗಳ ಮೇಲೆ ಇಂದಿರಾನಗರದ ಥೆರಪಿಗೆ ಹೋದೆವು. ನಾಜಿಶ್ ಮೇಡಂ ಶಿವಾಜಿನಗರದವರು, ಕನ್ನಡದ ಮಧ್ಯೆ ದಖ್ಖನಿ ಉರ್ದು ಉದುರಿಸುತ್ತ ಕೆಲಸ ಮಾಡುತ್ತಾರೆ. "ಆಜಾ ಮೇರಿ ರಾಣಿ," ಎಂದು ಮಗುವನ್ನು ತೊಡೆಗೆ ಎಳೆದುಕೊಂಡರು. ಆಮೇಲೆ ಡಿಸ್ಚಾರ್ಜ್ ಪತ್ರ ಓದಿದರು. ಎರಡು ಸಲ ಓದಿದರು.

"ತುಟಿಗೆ ಒಂದು ಹನಿ ಮುಟ್ಟಿಸಿದ್ದಕ್ಕೇ ಇಷ್ಟಾಯ್ತಾ?"

ನಾನು ಹೂಂ ಎಂದೆ.

ಅವರು ತಮ್ಮ ಪುಟ್ಟ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದರು. ಒಂದರಲ್ಲಿ ಜೇನು, ಒಂದರಲ್ಲಿ ನಿಂಬೆ, ಒಂದರಲ್ಲಿ ಮಾವಿನ ರಸ. ಹತ್ತಿ ಕಡ್ಡಿಯಲ್ಲಿ ಅದ್ದಿ ತುಟಿಗೆ ತೋರಿಸುತ್ತಿದ್ದದ್ದು ಅವನ್ನೇ. "ಒಂದು ಹನೀನೂ ತಡ್ಕೊಳಲ್ಲ ಅಂದ್ರೆ ನಾನು ರಿಸ್ಕ್ ತಗೊಳೋ ಹಾಗಿಲ್ಲ ರಮ್ಯಾ. ಬಾಯಿ ಕೆಲಸ ಪೂರಾ ಬಂದ್. ಇನ್ನು ಕೈಕಾಲಿಂದು ಮಾತ್ರ ನೋಡೋಣ. ಬೇಜಾರಾಗ್ಬೇಡಿ."

ಮಗು ಆ ಡಬ್ಬಿಗಳ ಕಡೆಗೇ ಕತ್ತು ತಿರುಗಿಸಿ ನೋಡುತ್ತಿದ್ದಳು. ನಿಂಬೆಯ ಡಬ್ಬಿ ಅವಳಿಗೆ ಗೊತ್ತು. ಅದನ್ನು ತೆರೆದರೆ ಮುಖವನ್ನೆಲ್ಲ ಹಿಂಡಿ, ಮತ್ತೆ ಬೇಕೆಂದು ಬಾಯಿ ತೆರೆಯುತ್ತಿದ್ದಳು. ಇಡೀ ದಿನದಲ್ಲಿ ಅವಳದು ಅಂತ ಇದ್ದದ್ದು ಆ ಹತ್ತು ನಿಮಿಷ. ನನ್ನ ಸುಳ್ಳು ಅದನ್ನೂ ಕಿತ್ತುಕೊಂಡಿತು. ಇಲ್ಲಿಯವರೆಗೆ ನಾನು ಅತ್ತೆಗೆ ಅನ್ಯಾಯ ಮಾಡಿದ್ದೇನೆ ಎಂದುಕೊಂಡಿದ್ದೆ. ಈಗ ನೋಡಿದರೆ ಎರಡನೆಯ ಸಲವೂ ಮಗಳಿಗೇ ಮಾಡಿದ್ದೇನೆ.

ಅಲ್ಲೇ ಹೇಳಬಹುದಿತ್ತು. ಮೇಡಂ ಮುಂದಿನ ಮಗುವನ್ನು ಕರೆದರು, ನಾನು ಬ್ಯಾಗ್ ಎತ್ತಿಕೊಂಡು ಬಂದೆ.

ಜೂನ್ 15, ಭಾನುವಾರ

ಸೂರ್ಯ ಮನೆಯಲ್ಲಿದ್ದ. ಎರಡು ಊಟಗಳ ನಡುವಿನ ಬಿಡುವಿನಲ್ಲಿ ಒಬ್ಬಳೇ ಕಮ್ಮನಹಳ್ಳಿಗೆ ಹೋದೆ, ಹೇಳಿಯೇ ಬರುತ್ತೇನೆ ಎಂದು ದಾರಿಯುದ್ದಕ್ಕೂ ಪಾಠ ಒಪ್ಪಿಸುವವಳ ಹಾಗೆ ಮಾತು ಜೋಡಿಸಿಕೊಳ್ಳುತ್ತ.

ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಇಳಿದುಹೋಗಿದ್ದಾರೆ. "ಮೇಧು ಹೇಗವ್ಳೆ? ಕಫ ಕಮ್ಮಿ ಆಯ್ತಾ?" ಎಂದು ಕೇಳಿದರು. ಬಂದು ನೋಡಲೇ ಎಂದು ಕೇಳಲಿಲ್ಲ. ಪ್ರಿಯಾ ನನ್ನನ್ನು ಬಾಲ್ಕನಿಗೆ ಕರೆದಳು.

"ಅತ್ತಿಗೆ, ಅಮ್ಮ ಯಾಕೋ ಸರಿ ಇಲ್ಲ. ನಮ್ಮ ಪಾಪೂಗೆ ಒಂದು ತುತ್ತು ತಿನ್ಸು ಅಂದ್ರೆ ಎದ್ದು ಹೋಗ್ಬಿಡ್ತಾರೆ. ಮೊನ್ನೆ ಅವಳೇ ಹೋಗಿ ಬಾಯಿ ತೆರ್ಕೊಂಡು ನಿಂತ್ಕೊಂಡ್ಲು, ಅಮ್ಮ ಕೈ ಹಿಂದೆ ಕಟ್ಕೊಂಡ್ರು. ನನ್ನ ಕೈ ಒಳ್ಳೇದಲ್ಲ ಅಂತಾರೆ."

ಆ ಕೈಯಲ್ಲಿ ಊಟ ಮಾಡದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ. ನನ್ನ ಬಾಣಂತನದಲ್ಲಿ, ಮಗು ಇನ್‌ಕ್ಯುಬೇಟರಿನಲ್ಲಿದ್ದಾಗ, ಬೇಡ ಬೇಡ ಎಂದು ಮುಖ ತಿರುಗಿಸುತ್ತಿದ್ದ ನನಗೆ ಮೆಣಸಿನ ಸಾರಿನ ಅನ್ನವನ್ನು ಉಂಡೆ ಮಾಡಿ ತಿನ್ನಿಸಿದ ಕೈ ಅದು. ನಾನು ಒಳಗೆ ಹೋಗಿ ಅವರ ಎದುರು ಕೂತೆ. ಒಂದು ಕಟ್ಟು ಸೊಪ್ಪು ಬಿಡಿಸಿದೆ. ಊಟದ ಹೊತ್ತಾಯಿತು ಎಂದು ಹೇಳಿ ಎದ್ದು ಬಂದೆ.

ಜೂನ್ 16, ಸೋಮವಾರ

ಹೇಳಲಿಲ್ಲ.

ಜೂನ್ 18, ಬುಧವಾರ

ಹೇಳಿದರೆ ಏನಾಗುತ್ತದೆ ಎಂದು ಇವತ್ತು ಮಗುವನ್ನು ಎದೆಗೆ ಒರಗಿಸಿಕೊಂಡು ಕೂತಾಗ ಸರಿಯಾಗಿ ಯೋಚಿಸಿದೆ. ಸೂರ್ಯ ನನ್ನನ್ನು ನಂಬುವುದಿಲ್ಲ. ಅತ್ತೆ ನನ್ನ ಮುಖ ನೋಡುವುದಿಲ್ಲ. ಭೀಮಬಾಯಿ ಚಹಾ ಕುಡಿಯಲು ಬರುವುದಿಲ್ಲ. ಹೇಳದಿದ್ದರೆ ಮೇಧುವಿಗೆ ನಿಂಬೆ ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೇ ನಾಚಿಕೆಯಾಗುತ್ತದೆ, ಇಷ್ಟು ದಿನ ತೂಗಿ ನೋಡುತ್ತಿದ್ದೇನಲ್ಲ ಎಂದು.

ಜೂನ್ 21, ಶನಿವಾರ

ಹೇಳಿದೆ.

ಮಧ್ಯಾಹ್ನ ಭೀಮಬಾಯಿಯನ್ನು ಮಗುವಿನ ಹತ್ತಿರ ಕೂರಿಸಿ ಕಮ್ಮನಹಳ್ಳಿಗೆ ಹೋದೆ. ಅತ್ತೆ ಮಹಡಿ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ನಾನು ಒಂದು ಮೆಟ್ಟಿಲು ಕೆಳಗೆ ಕೂತೆ. ಜೋಡಿಸಿಕೊಂಡಿದ್ದ ಮಾತು ಒಂದೂ ಬರಲಿಲ್ಲ. "ಅತ್ತೆ, ಅವತ್ತು ನೀವು ವಿಹಾರಕ್ಕೆ ಹೋದ್ಮೇಲೆ ಮಗೂಗೆ ಪಾಯಸ ಕೊಟ್ಟಿದ್ದು ನಾನು. ನಿಮ್ಮ ಹನಿಯಿಂದ ಏನೂ ಆಗಿಲ್ಲ," ಎಂದುಬಿಟ್ಟೆ.

ಅವರು ಬೀದಿಯ ಕಡೆಗೆ ಮುಖ ತಿರುಗಿಸಿದರು.

"ಎಷ್ಟು ಕೊಟ್ಟೆ?"

"ಮೂರು ಚಮಚ."

"ನುಂಗಿದ್ಳಾ?"

"ಹೂಂ. ಚಪ್ಪರಿಸಿಕೊಂಡು."

ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು, ನಗುವೇ ಇರಬೇಕು. ಆದರೆ ಅರೆಗಳಿಗೆ ಅಷ್ಟೇ. ಆಮೇಲೆ ಅವರ ಬಾಯಿಂದ ನಾನು ಕೇಳಿಸಿಕೊಳ್ಳಬೇಕಾದ್ದನ್ನೆಲ್ಲ ಕೇಳಿಸಿಕೊಂಡೆ.

"ನಲವತ್ತು ದಿನ ಕಣೇ. ನಲವತ್ತು ದಿನ ಈ ಕೈ ನೋಡ್ಕೊಂಡು ಕೂತಿದ್ದೀನಿ. ಸ್ನಾನ ಮಾಡ್ವಾಗ ಉಜ್ಜಿ ಉಜ್ಜಿ ತೊಳ್ದಿದ್ದೀನಿ. ನೀನು ಹೋದ ವಾರ ಬಂದು ನನ್ನೆದ್ರಿಗೆ ಕೂತು ದಂಟು ಬಿಡಿಸ್ಕೊಂಡು ಹೋದ್ಯಲ್ಲ, ಹೆಂಗಮ್ಮಾ ಮನಸ್ಸು ಬಂತು ನಿಂಗೆ?"

ನಾನು ಕಾಲು ಮುಟ್ಟಲು ಹೋದೆ. ಕಾಲು ಎಳೆದುಕೊಂಡರು. "ಅವೆಲ್ಲ ಬೇಡ. ನನ್ ಮಗಂಗೆ ಹೇಳು. ನಾನ್ ಹೇಳಲ್ಲ, ನೀನೇ ಹೇಳ್ಬೇಕು." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ಅನ್ನುತ್ತಾರೆ ಎಂದು ನಾನು ಒಳಗೊಳಗೇ ಕಾದಿದ್ದೆ ಎಂಬುದು ಬಾಗಿಲು ಹಾಕಿಕೊಂಡ ಮೇಲೆ ಗೊತ್ತಾಯಿತು.

ಜೂನ್ 22, ಭಾನುವಾರ

ಸೂರ್ಯನಿಗೆ ಬೆಳಿಗ್ಗೆ ತಿಂಡಿಗೆ ಮೊದಲೇ ಹೇಳಿದೆ. ತಿಂಡಿ ಆದ ಮೇಲೆ ಎಂದಿಟ್ಟುಕೊಂಡರೆ ಮತ್ತೆ ಜಾರಿಕೊಳ್ಳುತ್ತೇನೆ ಎಂದು ನನ್ನ ಬಗ್ಗೆ ನನಗೇ ಗೊತ್ತು.

ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. "ಅಮ್ಮಂಗೆ ನಾನು ಏನೇನಂದೆ ನಿಂಗೆ ಗೊತ್ತು. ನೀನು ಅಲ್ಲೇ ನಿಂತಿದ್ದೆ," ಎಂದ. ಅಷ್ಟೇ. ಅದಕ್ಕಿಂತ ಎರಡೇಟು ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. ಶರ್ಟ್ ಹಾಕಿಕೊಂಡು ಕಮ್ಮನಹಳ್ಳಿಗೆ ಹೊರಟ. ಬಾಗಿಲ ಹತ್ತಿರ ನಿಂತು, "ನಂಗೂ ಅವತ್ತು ಅವಳು ಚಪ್ಪರಿಸೋದು ನೋಡಿ ಇನ್ನೊಂಚೂರು ಕೊಡೋಣ ಅನ್ನಿಸ್ತು. ಆದ್ರೆ ಕೊಡ್ಲಿಲ್ಲ," ಎಂದು ಹೇಳಿ ಹೋದ. ಸಮಾಧಾನ ಹೇಳಿದನೋ, ಚುಚ್ಚಿದನೋ, ಇನ್ನೂ ತಿಳಿದಿಲ್ಲ.

ಜೂನ್ 26, ಗುರುವಾರ

ನಾಲ್ಕು ದಿನದಿಂದ ಸೂರ್ಯ ನನ್ನ ಜೊತೆ ಮಾತಾಡಿಲ್ಲ. ಇವತ್ತು ಸಂಜೆ ಆರರ ಊಟಕ್ಕೆ ಕೈ ತೊಳೆದುಕೊಂಡು ಬಂದು ಪಕ್ಕ ನಿಂತ. "ತೋರಿಸು," ಎಂದ. ಈ ಸಲ ಬೇಡ ಎನ್ನುವ ಮುಖ ನನಗಿರಲಿಲ್ಲ. ಸಿರಿಂಜನ್ನು ಎಷ್ಟು ಎತ್ತರ ಹಿಡಿಯಬೇಕು, ಗಂಜಿ ಬೇಗ ಇಳಿದರೆ ಹೇಗೆ ತಗ್ಗಿಸಬೇಕು, ಕೊನೆಗೆ ನೀರು ಬಿಟ್ಟು ಕ್ಲಿಪ್ ಹಾಕುವುದು, ಎಲ್ಲ ತೋರಿಸಿದೆ. ಅವನು ಮೊದಲ ಸಲಕ್ಕೇ ಚೆನ್ನಾಗಿ ಕೊಟ್ಟ. ಮೆಷಿನ್ ಮೇಲೆ ಕೆಲಸ ಮಾಡುವ ಕೈ, ನನಗಿಂತ ಅಲುಗಾಟ ಕಡಿಮೆ. ಆ ಮುಕ್ಕಾಲು ಗಂಟೆ ಅವನೇ ಮೇಧುವನ್ನು ಒರಗಿಸಿಕೊಂಡು ಕೂತ. ನಾನು ಏನು ಮಾಡಬೇಕೆಂದು ತಿಳಿಯದೆ ಬಟ್ಟೆ ಮಡಚಿದೆ, ಮಡಚಿದ್ದನ್ನೇ ಇನ್ನೊಂದು ಸಲ ಮಡಚಿದೆ.

ಜೂನ್ 30, ಸೋಮವಾರ

ಆಸ್ಪತ್ರೆಗೆ ತೋರಿಸಲು ಹೋಗಿದ್ದೆವು. ಡಾಕ್ಟರಮ್ಮನಿಗೆ ಫೈಲ್ ಕೊಡುವ ಮೊದಲೇ, "ಮೇಡಂ, ಇದರಲ್ಲೊಂದು ತಪ್ಪಿದೆ, ತಿದ್ದಬೇಕು. ತಪ್ಪು ನಿಮ್ಮದಲ್ಲ, ನಾನು ಹೇಳಿರಲಿಲ್ಲ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಸೀರೆಯ ಸೆರಗೆಲ್ಲ ಬೆವರು.

ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಪೆನ್ನು ತೆಗೆದುಕೊಂಡು ಪ್ರಶ್ನೆ ಕೇಳಿದರು. ಎಷ್ಟು ದೊಡ್ಡ ಚಮಚ? ಪಾಯಸ ತೆಳುವೋ, ಗಟ್ಟಿಯೋ? ಕೆಮ್ಮಿದ್ದು ಎಷ್ಟನೆಯದಕ್ಕೆ?

"ಮೂರನೆಯದಕ್ಕೆ."

"ಮೊದಲೆರಡಕ್ಕೆ ಕೆಮ್ಮಲಿಲ್ವಾ?"

"ಇಲ್ಲ."

"ಖುಷಿಪಡ್ಬೇಡಿ. ಕೆಮ್ಮದೇನೂ ಒಳಗೆ ಜಾರುತ್ತೆ," ಎಂದರು. "ಆದ್ರೆ ಒಂದು ಹನಿಗೂ ಮೂರು ಚಮಚಕ್ಕೂ ಬಹಳ ವ್ಯತ್ಯಾಸ ಇದೆ. ತುಟಿಗೆ ರುಚಿ ತೋರ್ಸೋದನ್ನ ನಿಲ್ಲಿಸಬೇಕಾಗಿರ್ಲಿಲ್ಲ. ನಾಜಿಶ್‌ಗೆ ನಾನೇ ಫೋನ್ ಮಾಡ್ತೀನಿ. ನುಂಗೋದನ್ನ ಎಕ್ಸ್-ರೇ ವಿಡಿಯೋದಲ್ಲಿ ನೋಡೋ ಟೆಸ್ಟ್ ಒಂದಿದೆ, ಮುಂದಿನ ತಿಂಗಳು ಮಾಡೋಣ. ಏನೂ ಬದಲಾಗದೇನೂ ಇರಬಹುದು. ಗೊತ್ತಾಗುತ್ತೆ ಅಷ್ಟೇ."

ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಾಯಿ, ಮೂರು ಚಮಚ ಎಂದು ಬರೆದು, ಸಹಿ ಹಾಕಿ ತಾರೀಖು ಹಾಕಿದರು. ನನ್ನ ತಪ್ಪನ್ನು ನನ್ನ ಹೆಸರಿಗೆ ನಾನೇ ಕೇಳಿ ಬರೆಸಿಕೊಂಡು ಬಂದೆ. ಆಟೋದಲ್ಲಿ ಸೂರ್ಯ ಆ ಪುಟವನ್ನು ನೋಡಿ ಫೈಲ್ ಮುಚ್ಚಿದ. ಹಲಸೂರು ದಾಟುವಾಗ, "ಹಸಿವಾಗ್ತಿದ್ಯಾ?" ಎಂದು ಕೇಳಿದ. ಎಂಟು ದಿನದ ಮೇಲೆ ನನಗೆಂದು ಆಡಿದ ಮೊದಲ ಮಾತು. ಟ್ಯೂಬಿನ ವಿಷಯದ ಮಾತು ಬಿಟ್ಟರೆ.

ಜುಲೈ 5, ಶನಿವಾರ

ನಿಂಬೆ ಸಿಕ್ಕಿತು. ಮುಖ ಹಿಂಡಿದಳು. ನಾಜಿಶ್ ಮೇಡಂ ನನಗೆ, "ಇನ್ನೊಂದು ಸಲ ಸುಳ್ಳು ಹೇಳಿದ್ರೆ ನಿಮಗೂ ಇದನ್ನೇ ತಿನ್ನಿಸ್ತೀನಿ," ಎಂದರು. ನಗುತ್ತಲೇ ಹೇಳಿದರು. ನಾನು ತಲೆ ತಗ್ಗಿಸಿದೆ.

ಜುಲೈ 8, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಬೆಲ್ ಆಯಿತು. ತೆರೆದರೆ ಅತ್ತೆ, ಕೈಯಲ್ಲಿ ಬಟ್ಟೆಯ ಚೀಲ. ಚೀಲ ತೆಗೆದುಕೊಳ್ಳಲು ಹೋದೆ, ಕೊಡಲಿಲ್ಲ.

"ನಿನ್ ಮೇಲೆ ನನ್ ಸಿಟ್ಟು ಹೋಗಿಲ್ಲ. ಅದು ಇರ್ಲಿ, ಅದ್ರ ಪಾಡಿಗೆ ಅದು ಇರುತ್ತೆ. ಆ ಟ್ಯೂಬಿಂದು ನಂಗೂ ಹೇಳ್ಕೊಡು."

ಏಳು ವರ್ಷದ ಮಾಸ್ತರಿಕೆಯಲ್ಲಿ ಇಂಥ ವಿದ್ಯಾರ್ಥಿನಿ ನನಗೆ ಸಿಕ್ಕಿರಲಿಲ್ಲ. ಮೊದಲು, ಇಷ್ಟು ನೀರು ನೀರಾದ ಗಂಜಿ ಯಾವ ಮಗುವಿಗೆ ಸಾಕಾಗುತ್ತದೆ ಎಂದು ತಕರಾರು. ಆಮೇಲೆ, ಬಿಸಿ ಇದೆಯೋ ಇಲ್ಲವೋ ಎಂದು ನಾಲಿಗೆಯಲ್ಲಿ ನೋಡದೆ ಹೇಗೆ ಕೊಡುವುದು ಎಂದು ಇನ್ನೊಂದು. ಸಿರಿಂಜ್ ಮುಟ್ಟುವ ಮೊದಲು ಆ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಮತ್ತೆ ತೊಳೆಯಲು ಹೋದರು. ನಾನು ನಲ್ಲಿ ನಿಲ್ಲಿಸಿ, "ಸಾಕು ಅತ್ತೆ, ಚೆನ್ನಾಗಿದೆ ಕೈ," ಎಂದೆ. ನನ್ನ ಮುಖ ನೋಡಿದರು. ಆಮೇಲೆ ಸಿರಿಂಜ್ ಎತ್ತಿಕೊಂಡರು.

ಕ್ಲಿಪ್ ಹಾಕುವುದನ್ನು ಮರೆತರು. ಅರ್ಧ ಲೋಟ ರಾಗಿ ಗಂಜಿ ವಾಪಸ್ಸು ಬಂದು ಅವರ ಸೀರೆಯ ಮೇಲೆಲ್ಲ ಹರಿಯಿತು. ಮೇಧು ಗಕ್ ಎಂದು ನಕ್ಕಳು. ಕಾಯಿಲೆ ಬಿದ್ದ ಐವತ್ತಾರು ದಿನದ ಮೇಲೆ ನಕ್ಕಳು. ಲೆಕ್ಕ ನಾನು ಇಟ್ಟಿರಲಿಲ್ಲ, ಅತ್ತೆ ಹೇಳಿದರು.

ಜುಲೈ 19, ಶನಿವಾರ

ಬರೆಯುವುದು ಮರೆತೇ ಹೋಗಿತ್ತು. ಮಗಳಿಗೆ ಹೊಸ ಚಾಳಿ: ಸಾಕ್ಸ್ ಹಾಕಿದರೆ ಎಡಗಾಲಿನಿಂದ ಬಲಗಾಲಿನದನ್ನು ಉಜ್ಜಿ ಉಜ್ಜಿ ಕಿತ್ತುಹಾಕುತ್ತಾಳೆ. ನಾನು ಹಾಕಿದರೆ ಮಾತ್ರ, ಅವರಪ್ಪ ಹಾಕಿದರೆ ಸುಮ್ಮನಿರುತ್ತಾಳೆ. ಫಿಸಿಯೋಥೆರಪಿಯವರು ಇದು ಒಳ್ಳೆಯ ಚಲನೆ ಎಂದರು. ಚಲನೆಯಲ್ಲ, ಕೊಬ್ಬು. ತೂಕ ಮುನ್ನೂರು ಗ್ರಾಂ ಏರಿದೆ.

ಅತ್ತೆ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾರೆ. ತಟ್ಟೆಗೆ ಅನ್ನ ಬಡಿಸುವಾಗ ನನಗೆ ಕೊನೆಯಲ್ಲಿ ಬಡಿಸುತ್ತಾರೆ. ಸರಿಯಾಗಿಯೇ ಇದೆ.

ಜುಲೈ 24, ಗುರುವಾರ

ವಿಡಿಯೋ ಟೆಸ್ಟ್ ಆಯಿತು. ತೆಳ್ಳಗಿರುವುದೆಲ್ಲ ಈಗಲೂ ಒಳಗೆ ಜಾರುತ್ತದೆ. ಗಟ್ಟಿಯಾಗಿ ಅರೆದ ಒಂದು ಚಿಟಿಕೆಯಷ್ಟನ್ನು ಮಾತ್ರ ಐದರಲ್ಲಿ ನಾಲ್ಕು ಸಲ ಸರಿಯಾಗಿ ನುಂಗಿದಳು. ಟ್ಯೂಬ್ ತೆಗೆಯುವ ಮಾತೇ ಇಲ್ಲ, ಬಹುಶಃ ಎಂದಿಗೂ ಇಲ್ಲ. ನಾಜಿಶ್ ಮೇಡಂ ಎದುರಿನಲ್ಲಿ, ವಾರಕ್ಕೆರಡು ಸಲ, ಚಿಟಿಕೆಯಷ್ಟು. ಅಷ್ಟಕ್ಕೆ ಅನುಮತಿ.

ಸೂರ್ಯ ಆ ಕಪ್ಪು ಬಿಳುಪು ಚಿತ್ರವನ್ನು ಫೋನಿನಲ್ಲಿ ತೆಗೆದುಕೊಂಡು ಬಂದು ಅವರಮ್ಮನಿಗೆ ತೋರಿಸಿದ. ಗಂಟಲಿನಲ್ಲಿ ಒಂದು ಕಪ್ಪು ಚುಕ್ಕೆ ನಿಂತು, ಯೋಚನೆ ಮಾಡಿ, ಸರಿಯಾದ ದಾರಿ ಹಿಡಿದು ಇಳಿಯುತ್ತದೆ. ಅತ್ತೆ ಕನ್ನಡಕ ಹಾಕಿಕೊಂಡು ಆರು ಸಲ ನೋಡಿದರು. ನಾನು ಎಷ್ಟು ಸಲ ನೋಡಿದೆ ಎಂದು ಬರೆಯುವುದಿಲ್ಲ.

ಆಗಸ್ಟ್ 2, ಶನಿವಾರ

ನಾನು ಕೆಲಸ ಮಾಡುತ್ತಿದ್ದ ಶಾಲೆಯಿಂದ ಫೋನ್ ಬಂದಿತ್ತು. ಬೆಳಿಗ್ಗೆ ಎರಡು ಗಂಟೆ ಹೊತ್ತು ಮಾತ್ರ ಎಲ್‌ಕೆಜಿ ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಆಗುವುದಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿದ್ದ ಅತ್ತೆ, "ಹೋಗಿ ಕೇಳ್ಕೊಂಡಾದ್ರೂ ಬಾ. ಹನ್ನೊಂದರ ಊಟ ನಾನ್ ನೋಡ್ಕೋತೀನಿ," ಎಂದರು. ನನ್ನ ಕಡೆ ನೋಡದೆ, ಸಿರಿಂಜ್ ಒರೆಸುತ್ತ.

ಹೋದೆ. ಅತ್ತೆ ಒಬ್ಬರೇ ಊಟ ಕೊಡುವುದು ಇದೇ ಮೊದಲು. ಹೆಡ್ ಮಿಸ್ ಹೇಳಿದ್ದರಲ್ಲಿ ಅರ್ಧ ಕಿವಿಗೆ ಬೀಳಲಿಲ್ಲ. ಫೋನ್ ಉಲ್ಟಾ ಇಟ್ಟರೆ ರಿಂಗ್ ಕೇಳಿಸದೇನೋ ಎಂದು ಅಂಗೈಯಲ್ಲೇ ಹಿಡಿದಿದ್ದೆ. ಫೋನ್ ಬರಲಿಲ್ಲ. ಬರದಿದ್ದದ್ದಕ್ಕೆ ಇನ್ನೂ ಗಾಬರಿಯಾಗಿ, ಬಸ್ ಕಾಯದೆ ಆಟೋ ಹಿಡಿದು ಬಂದೆ.

ಮೆಟ್ಟಿಲು ಹತ್ತುವಾಗಲೇ ಅತ್ತೆಯ ಗಂಟಲು ಕೇಳಿತು. ಬಾಗಿಲ ಹತ್ತಿರ ಓಡಿದೆ.

"ಏನೇ ಕಳ್ಳಿ, ಕಾಲಲ್ಲಿ ಎಳೀತೀಯಾ ಟ್ಯೂಬನ್ನ? ನಾನೇನು ನಿನ್ ವಯಸ್ಸಿನೋಳಾ, ನಿನ್ ಜೊತೆ ಕುಸ್ತಿ ಆಡಕ್ಕೆ? ಮತ್ತೆ ನಗ್ತೀಯಾ? ಮಾಡೋದೆಲ್ಲ ಮಾಡ್ಬಿಟ್ಟು ಹಲ್ಲು ಬೇರೆ ಕಿರೀತೀಯ. ಬರ್ಲಿ ನಿಮ್ಮವ್ವ, ಹೇಳ್ತೀನಿ. ಕತ್ತೆ ಥರ ಬೆಳ್ದಿದ್ದೀಯ, ಒಂಚೂರು ಬುದ್ಧಿ ಬೇಡ್ವೇನೇ?"

ಒಳಗಿನಿಂದ ಮೇಧುವಿನ ನಗು, ಗಕ್ ಗಕ್ ಎಂದು, ಬಿಡದೆ.

ಐದು ವರ್ಷದಲ್ಲಿ ನನ್ನ ಮಗಳನ್ನು ಯಾರೂ ಬೈದಿಲ್ಲ. ಡಾಕ್ಟರು, ನೆಂಟರು, ಬೀದಿಯವರು, ನಾವು, ಎಲ್ಲರೂ ಅವಳ ಮುಂದೆ ದನಿ ತಗ್ಗಿಸಿ ಪಾಪ ಪಾಪ ಎಂದೇ ಮಾತಾಡಿದ್ದೇವೆ. ಎಲ್ಲ ಮಕ್ಕಳ ಹಾಗೆ ತಪ್ಪು ಮಾಡುವಷ್ಟು ಅವಳೂ ಇದ್ದಾಳೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನನಗೆ ಅಳು ಬಂತು, ಅಲ್ಲೇ ನಿಂತು ಅತ್ತುಬಿಟ್ಟೆ.

ಒಳಗೆ ಬೈಗುಳ ಇನ್ನೂ ನಡೆಯುತ್ತಿತ್ತು. ಅದು ಮುಗಿಯುವವರೆಗೆ ನಾನು ಬೆಲ್ ಒತ್ತಲಿಲ್ಲ.